ಎರವಲು ಮಕ್ಕಳ ಮಾದರಿ ಪಾಠ

ಇಂಗ್ಲಿಷ್ ಕಲಿಸುವುದು ಹೇಗೆ ಎಂಬುದನ್ನು ನಾನು ಒಂಬತ್ತು ಸಲ ಕಲಿತಿದ್ದೇನೆ. ಒಂಬತ್ತು ಸಲವೂ ಪ್ರಮಾಣಪತ್ರ ಕೊಟ್ಟಿದ್ದಾರೆ. ಇಷ್ಟು ಸಲ ಅಡುಗೆ ಕಲಿತಿದ್ದರೆ ನನ್ನ ಗಂಡ ಈ ಹೊತ್ತಿಗೆ ನನ್ನ ಸಾರನ್ನು ಹೊಗಳುತ್ತಿದ್ದರೋ ಏನೋ. ಕಲಿಸುವುದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿಲ್ಲ. ಕಲಿಸುವುದನ್ನು ಕಲಿಯುವುದರಲ್ಲೇ ವರ್ಷ ಕಳೆದುಹೋಗುತ್ತದೆ, ಇನ್ನು ಮಕ್ಕಳಿಗೆ ಎಲ್ಲಿಂದ ಸಮಯ ತರಲಿ?

ನಾನಿರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ನಮ್ಮ ಓಣಿಯಲ್ಲಿ ಮೂರು ಮನೆಗೊಂದು ಟ್ಯೂಷನ್ ಬೋರ್ಡು ಇದೆ, ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆ ಎಂಬ ಭರವಸೆಯೊಂದಿಗೆ. ನಾನು ಆ ಬೋರ್ಡುಗಳನ್ನು ದಾಟಿ, ಹುಮನಾಬಾದ ಬಸ್ಸು ಹತ್ತಿ, ಕಮಲಾಪುರದ ಸರ್ಕಾರಿ ಶಾಲೆಗೆ ಹೋಗಿ, ಹದಿನೈದು ವರ್ಷದಿಂದ ಅದೇ ಇಂಗ್ಲಿಷನ್ನು ಕಲಿಸುತ್ತಿದ್ದೇನೆ. ನನ್ನ ಮಕ್ಕಳಿಗೆ ಮೂವತ್ತು ದಿನದಲ್ಲಿ ಹಾಜರಿ ಹೇಳುವುದು ಬರುತ್ತದೆ. ಅದೂ ಒಂದು ಸಾಧನೆಯೇ ಎಂದು ಇಲಾಖೆ ಭಾವಿಸಿದರೆ ನನ್ನದೇನೂ ತಕರಾರಿಲ್ಲ.

ಕಮಲಾಪುರದಲ್ಲಿ ಬಸ್ಸು ನಿಂತ ಕೂಡಲೇ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಕಿಟಕಿಗಳ ಕಡೆ ಬರುತ್ತಾರೆ. ಅವರಲ್ಲಿ ಒಬ್ಬಳ ಮಗಳು ನನ್ನ ನಾಲ್ಕನೆಯ ತರಗತಿಯಲ್ಲಿದ್ದಳು. ಈ ತಾಯಿ ಒಂದು ದಿನ ಬುಟ್ಟಿಯನ್ನು ಶಾಲೆಯ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು. ಕಲಬುರಗಿಗೆ ಹೊಂದಿಕೊಂಡ ಕುಸನೂರಿನಲ್ಲಿ ಅವಳ ತಂಗಿ ಇದ್ದಾಳಂತೆ. ತಂಗಿಯ ಮಗಳು ಕಾನ್ವೆಂಟಿಗೆ ಹೋಗುತ್ತಾಳಂತೆ. ಹಬ್ಬಕ್ಕೆಂದು ಹೋದಾಗ ಆ ಹುಡುಗಿ ಅಂಗಡಿಗಳ ಬೋರ್ಡನ್ನೆಲ್ಲ ಗಡಗಡ ಓದಿದಳಂತೆ, ಇವಳ ಮಗಳು ಸುಮ್ಮನೆ ನೋಡುತ್ತ ನಿಂತಿದ್ದಳಂತೆ.

"ಸಂಕ್ರಾಂತಿ ತನಾ ನೋಡ್ತೀನ್ರಿ ಟೀಚರ್. ಅಷ್ಟರಾಗ ಇಂಗ್ಲಿಷ್ ಬುಕ್ಕಿನ ಯಾವ ಹಾಳಿ ತೆಗೆದು ಮುಂದಿಟ್ರೂ ನನ್ನ ಮಗಳು ತಾನ ಓದಬೇಕು. ಇಲ್ಲಾಂದ್ರ ಟೀಸಿ ಕೊಟ್ಟುಬಿಡ್ರಿ. ತಂಗಿ ಮನ್ಯಾಗ ಇಟ್ಟು ಕಲಬುರಗ್ಯಾಗೇ ಓದಸ್ತೀನಿ."

"ಅಕ್ಕಾ, ನಾ ಓದಸ್ತೀನಿ. ಎಲ್ಲಿಗೂ ಕಳಸಬ್ಯಾಡ" ಎಂದೆ.

ಯಾವ ಪುಟ ತೆರೆದಿಟ್ಟರೂ ತಾನೇ ಓದಬೇಕು. ಎಷ್ಟು ಸರಳ ನೋಡಿ. ಗುರಿಗಳು, ಉದ್ದೇಶಗಳು, ಫಲಿತಗಳು, ಉಪಫಲಿತಗಳು ಎಂದು ದಪ್ಪ ದಪ್ಪ ಕೈಪಿಡಿ ಬರೆಯುವವರಲ್ಲಿ ಒಬ್ಬರೂ ಇದನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದು ನಾನು ಕಂಡಿಲ್ಲ. ಬಾಳೆಹಣ್ಣು ಮಾರುವವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅವತ್ತಿನಿಂದ ಬಿಸಿಯೂಟದ ನಂತರ ಅರ್ಧ ಗಂಟೆ ಆ ಹುಡುಗಿಯನ್ನೂ ಇನ್ನು ನಾಲ್ಕು ಮಕ್ಕಳನ್ನೂ ವರಾಂಡದಲ್ಲಿ ಕೂರಿಸಿಕೊಳ್ಳತೊಡಗಿದೆ. ಹಾಡಿಲ್ಲ, ಚಪ್ಪಾಳೆಯಿಲ್ಲ, ಬಣ್ಣದ ಕಾಗದವಿಲ್ಲ. ಅಕ್ಷರದ ಕೆಳಗೆ ಬೆರಳಿಡು, ಅದರ ಸಪ್ಪಳ ಹೇಳು, ಮುಂದಿನದಕ್ಕೆ ಕೂಡಿಸು. ಹುಡುಗಿ ಹಟಮಾರಿ. ಒಂದು ಪದ ಸಿಕ್ಕಿಹಾಕಿಕೊಂಡರೆ ತುಟಿ ಕಚ್ಚಿ ಕೂರುತ್ತಿದ್ದಳೇ ಹೊರತು ನನ್ನ ಮುಖ ನೋಡುತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ಸಣ್ಣ ಪದಗಳನ್ನು ತಾನೇ ಬಿಡಿಸಿ ಓದುತ್ತಿದ್ದಳು. ಬಿಸ್ಕತ್ತಿನ ಪುಡಿಕೆಯ ಮೇಲಿನದನ್ನು ಓದಿ ತೋರಿಸಲು ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೂ ಓಡಿ ಬಂದಿದ್ದಳು. ನನಗೆ ಅವತ್ತು ಆದ ಖುಷಿ ಯಾವ ಪ್ರಮಾಣಪತ್ರದಿಂದಲೂ ಆಗಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಇಲಾಖೆ ಸುಮ್ಮನಿರಲು ಸಾಧ್ಯವೇ? ಹೆಡ್‌ಮಾಸ್ತರರು ಲಾಟರಿ ಹೊಡೆದ ಮುಖ ಮಾಡಿಕೊಂಡು ತರಗತಿಗೆ ಬಂದರು.

"ಮೇಡಂ, ನಿಮ್ಮ ಹೆಸರು ಬಂದದ್ರಿ. ಇಂಗ್ಲಿಷ್ ಟ್ರೇನಿಂಗ್. ಹತ್ತು ದಿವಸ."

"ಸರ್, ಹೋದ ವರ್ಷನೂ ನಾನೇ ಹೋಗೀನಿ. ಈ ಸಲ ಬ್ಯಾರೆಯವರನ್ನ ಕಳಸ್ರಿ."

"ಹ್ಯಾಂಗ ಕಳಸಬೇಕ್ರಿ? ಬ್ಯಾರೆಯವರು ಇಂಗ್ಲಿಷ್ ಟ್ರೇನಿಂಗ್ ತಗೊಂಡಿಲ್ಲಲ್ಲ. ತಗೊಂಡವರ ಲಿಸ್ಟ್ ನೋಡೇ ಕರೀತಾರ."

"ಹತ್ತು ದಿವಸ ನನ್ನ ಮಕ್ಕಳದು ಏನ್ರಿ ಸರ್?"

"ಅದರದೇನ್ ಪರೇಶಾನ ಮಾಡ್ಕೋತೀರಿ? ಕಾಪಿ ಬರೀರಿ ಅಂತೀನಿ. ಬರೀತಾವ."

ಈ ತರ್ಕದ ಮುಂದೆ ಯಾರ ಮಾತು ನಡೆಯುತ್ತದೆ? ಹೊರಟೆ. ಆದರೆ ಹೋಗುವ ಮೊದಲು ಒಂದು ಮೂರ್ಖತನ ಮಾಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿ, "ಹತ್ತು ದಿವಸ ಸಾಲಿಗಿ ಬರಂಗಿಲ್ಲಂತಲ್ಲ, ಎಲ್ಲಿಗ ಹೊಂಟೀರಿ?" ಎಂದು ಕೇಳಿದಳು. ಮಾತು ಕೊಟ್ಟು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದೆನಲ್ಲ, ಒಳಗೆ ಚುಚ್ಚುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಸ್ವಲ್ಪ ದೊಡ್ಡಸ್ತಿಕೆ ತೋರಿಸಿದೆ.

"ಕಲಬುರಗ್ಯಾಗ ದೊಡ್ಡ ಟ್ರೇನಿಂಗ್ ಅದ ಅಕ್ಕಾ. ಇಂಗ್ಲಿಷ್ ಹ್ಯಾಂಗ ಕಲಸಬೇಕಂತ ಟೀಚರ್‌ಗೋಳಿಗೇ ಕಲಸ್ತಾರ."

"ಹೌದಾ?" ಎಂದು ಅವಳು ಕಣ್ಣರಳಿಸಿದಳು. ನನಗೆ ಸಮಾಧಾನವಾಯಿತು, ಬಸ್ಸು ಹತ್ತಿದೆ.

ಆ ದೊಡ್ಡ ಟ್ರೇನಿಂಗಿನ ವೈಭವವನ್ನು ಸ್ವಲ್ಪವಾದರೂ ಹೇಳಲೇಬೇಕು. ಮೊದಲ ದಿನದ ಮೊದಲ ಗಂಟೆ ಸಂಕೋಚ ಬಿಡಿಸುವ ಆಟ. ನಮ್ಮ ಹೆಸರಿನ ಮೊದಲಕ್ಷರದಿಂದ ಶುರುವಾಗುವ ಹಣ್ಣಿನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಬೇಕು. ನಿವೃತ್ತಿಗೆ ಎರಡು ವರ್ಷ ಇದ್ದ ಮಾಸ್ತರರೊಬ್ಬರು ಎದ್ದು ನಿಂತು, ಗಂಭೀರವಾಗಿ, ತಾವು ಅನಾನಸು ಎಂದು ಸಭೆಗೆ ತಿಳಿಸಿ ಕುಳಿತರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಳೆ ಬಂದಂತೆ ತಟ್ಟುವ ಚಪ್ಪಾಳೆ ಒಂದು, ರೊಟ್ಟಿ ಬಡಿದಂತೆ ತಟ್ಟುವ ಚಪ್ಪಾಳೆ ಇನ್ನೊಂದು. ಹತ್ತು ದಿನದ ಕೊನೆಗೆ ನನ್ನ ಅಂಗೈಗೆ ಮಾತ್ರ ಒಳ್ಳೆಯ ತರಬೇತಿ ಸಿಕ್ಕಿತ್ತು.

ನಮಗೆ ಪಾಠ ಹೇಳುವವರನ್ನು ಇಲಾಖೆಯ ಭಾಷೆಯಲ್ಲಿ ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ನಮ್ಮ ಪಾಲಿಗೆ ಬಂದ ಸಂಪನ್ಮೂಲದವರು ಮಕ್ಕಳಿರುವ ಕೋಣೆಗೆ ಕಾಲಿಟ್ಟು ಬಹಳ ವರ್ಷವಾಗಿತ್ತು, ಆದ್ದರಿಂದ ಅವರ ಉತ್ಸಾಹ ಹಾಗೇ ಉಳಿದಿತ್ತು. ಶಿಕ್ಷಕರು ತರಗತಿಯಲ್ಲಿ ಭಾಷಣ ಮಾಡಬಾರದು ಎಂಬ ವಿಷಯದ ಮೇಲೆ ಅವರು ಎರಡು ಗಂಟೆ ಭಾಷಣ ಮಾಡಿದರು. ಹಾಲ್‌ನಲ್ಲಿ ಯಾರೂ ಕನ್ನಡ ಮಾತಾಡಕೂಡದು ಎಂಬ ನಿಯಮವನ್ನೂ ತಂದರು. ನಲವತ್ತು ಜನ ಮಾಸ್ತರು-ಟೀಚರುಗಳು ಒಮ್ಮೆಲೇ ಮೌನವ್ರತ ಹಿಡಿದರು. ಅಷ್ಟು ಶಾಂತವಾದ ಇಂಗ್ಲಿಷ್ ತರಗತಿಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಚಹಾ ಬೇಕೆನ್ನುವುದನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದೆವು.

ಮಧ್ಯಾಹ್ನ ಗುಂಪು ಚಟುವಟಿಕೆ. ಮಕ್ಕಳು ಇಂಗ್ಲಿಷ್ ಯಾಕೆ ಕಲಿಯುತ್ತಿಲ್ಲ ಎಂಬುದನ್ನು ಬಣ್ಣದ ಪೆನ್ನಿನಲ್ಲಿ ಚಾರ್ಟಿನ ಮೇಲೆ ಬರೆಯಬೇಕು. ಶಿಕ್ಷಕರು ತರಗತಿಯಲ್ಲಿ ಇರುವುದಿಲ್ಲ, ತರಬೇತಿಯಲ್ಲಿ ಇರುತ್ತಾರೆ ಎಂದು ನಾನು ಬರೆಯಹೊರಟೆ. ನಮ್ಮ ಗುಂಪಿನವರು ನನ್ನ ಕೈಯಿಂದ ಪೆನ್ನು ಕಸಿದುಕೊಂಡು "ಪಾಲಕರ ನಿರಾಸಕ್ತಿ" ಎಂದು ಬರೆದು, ಸುತ್ತಲೂ ಹೂಬಳ್ಳಿ ಬಿಡಿಸಿದರು. ನಮ್ಮ ಚಾರ್ಟಿಗೆ ಬಹುಮಾನ ಬಂತು. ಮರುದಿನ ಅದರ ಮೇಲೆ ಇನ್ನೊಂದು ಚಾರ್ಟು ಅಂಟಿಸಿದರು.

ಈ ಹತ್ತು ದಿನದ ಮುಖ್ಯ ಘಟ್ಟ ಮಾದರಿ ಪಾಠ. ಕಲಿತದ್ದನ್ನೆಲ್ಲ ನಿಜವಾದ ಮಕ್ಕಳ ಮುಂದೆ ಮಾಡಿ ತೋರಿಸಬೇಕು, ಸಂಪನ್ಮೂಲದವರು ಹಿಂದೆ ಕುಳಿತು ಅಂಕ ಹಾಕುತ್ತಾರೆ. ನಿಜವಾದ ಮಕ್ಕಳನ್ನು ಎಲ್ಲಿಂದ ತರುವುದು? ತರಬೇತಿ ಕೇಂದ್ರದ ಕಂಪೌಂಡಿಗೆ ಹೊಂದಿಕೊಂಡೇ ಒಂದು ಶಾಲೆ ಇದೆ. ಅಲ್ಲಿಯ ಐದನೆಯ ತರಗತಿಯನ್ನು ಮದುವೆಮನೆಗೆ ಪಾತ್ರೆ ತಂದ ಹಾಗೆ ಎರವಲು ತರುತ್ತಾರೆ. ಪ್ರತಿ ಬ್ಯಾಚಿಗೂ ಅದೇ ತರಗತಿ, ಪ್ರತಿ ಬ್ಯಾಚಿಗೂ ಅದೇ ಮಾರ್ಕೆಟ್ ಪಾಠ. ಯಾಕೆಂದರೆ ಪ್ಲಾಸ್ಟಿಕ್ ಹಣ್ಣು-ತರಕಾರಿಯ ಬುಟ್ಟಿ ಇರುವುದು ಆ ಪಾಠಕ್ಕೆ ಮಾತ್ರ. ಬುಟ್ಟಿ ಇದ್ದ ಮೇಲೆ ಬೇರೆ ಪಾಠ ಮಾಡಲು ಯಾರಿಗಾದರೂ ಹುಚ್ಚೇ?

ನಾನು ಒಳಗೆ ಹೋದಾಗ ಮಕ್ಕಳು ಆಗಲೇ ಬುಟ್ಟಿಯನ್ನು ಮೇಜಿನ ಮೇಲೆ ತಂದಿಟ್ಟಿದ್ದವು. ಚಾರ್ಟು ತಾವೇ ತೂಗುಹಾಕಿದ್ದವು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಮುಂದಿನ ಬೆಂಚಿನ ಒಬ್ಬಳು ಪಿಸುಗುಟ್ಟಿದಳು.

"ಟೀಚರ್ರಿ, ಮೊದಲ ಹಾಡ ಹೇಳಸಬೇಕ್ರಿ. ಬುಟ್ಟಿ ಆಮ್ಯಾಲ."

ಹಾಡಿಸಿದೆ. ಬದನೆಕಾಯಿ ಎತ್ತುವ ಮುಂಚೆಯೇ ಅದರ ಇಂಗ್ಲಿಷ್ ಹೆಸರು ಬಂತು. ನಾನು ಪ್ರಶ್ನೆ ಕೇಳುವ ಮುಂಚೆ ಉತ್ತರ ಬಂತು. ನಾನು ಮರೆತ ಪ್ರಶ್ನೆಯೊಂದಕ್ಕೂ ಅವು ನೆನಪಿಟ್ಟು ಉತ್ತರ ಕೊಟ್ಟವು. ಸಂಪನ್ಮೂಲದವರು ಎದ್ದು ನಿಂತು "ಎಕ್ಸಲೆಂಟ್" ಎಂದು ನನಗೆ ಎ ಶ್ರೇಣಿ ಕೊಟ್ಟರು. ಹೊರಗೆ ಬಂದಾಗ ಆ ಶಾಲೆಯ ಟೀಚರೇ ನಗುತ್ತ, "ಇವಕ್ಕ ಇದೊಂದು ಬಿಟ್ಟು ಮುಂದಿನ ಪಾಠ ಗೊತ್ತಿಲ್ಲರಿ. ನಮಗ ಕ್ಲಾಸ್ ಸಿಗೋದೇ ಇಲ್ಲ, ಯಾವಾಗ ನೋಡಿದ್ರೂ ನಿಮ್ಮ ಡೆಮೋ" ಎಂದರು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಎ ಶ್ರೇಣಿ ಸಿಕ್ಕಿದ್ದಕ್ಕೆ ಒಳಗೊಳಗೆ ಹಿಗ್ಗಿದ್ದೆ ಕೂಡ.

ಕಮಲಾಪುರಕ್ಕೆ ಮರಳಿ ಬಂದರೆ ನನ್ನ ಮಕ್ಕಳು ಹೆಡ್‌ಮಾಸ್ತರರ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದ್ದವು. ಹತ್ತು ದಿನವೂ ಒಂದೇ ಪುಟವನ್ನು ಕಾಪಿ ಬರೆದಿದ್ದವು. ಹುಡುಗಿಯ ಅಕ್ಷರ ಮುತ್ತಿನಂತಾಗಿತ್ತು. ಓದು ಅಂದರೆ ಬೆರಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಶುರುಮಾಡಿದೆ. ಅಷ್ಟರಲ್ಲಿ ಅದ್ಯಾವುದೋ ಸಮೀಕ್ಷೆಗೆ ನನ್ನನ್ನು ಕರೆದರು, ಅದು ಮುಗಿಯುವುದರೊಳಗೆ ಸಂಕ್ರಾಂತಿ ಬಂತು.

ತಾಯಿ ಹೇಳಿದ ಹಾಗೆ ಬಂದಳು. ಪುಸ್ತಕದ ನಡುವಿನ ಒಂದು ಪುಟ ತೆಗೆದು ಮಗಳ ಮುಂದಿಟ್ಟಳು. ಹುಡುಗಿ ಮೂರು ಪದ ಓದಿದಳು, ನಾಲ್ಕನೆಯದಕ್ಕೆ ನಿಂತಳು. ತುಟಿ ಕಚ್ಚಿಕೊಂಡಳು. ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

"ನಿಮ್ಮ ಟ್ರೇನಿಂಗ್ ನಡೀತಲ್ಲರಿ, ಅಲ್ಲಿ ಮಕ್ಕಳು ಇರ್ತಾವೇನ್ರಿ?" ಎಂದು ಕೇಳಿದಳು.

"ಹೂಂ, ಬಾಜೂಕೇ ಸಾಲಿ ಅದ."

"ಅವಕ್ಕ ಇಂಗ್ಲಿಷ್ ಬರ್ತದೇನ್ರಿ?"

ಇಲ್ಲಿ ನಾನು ನಿಜ ಹೇಳಬೇಕಿತ್ತು. ಆ ಮಕ್ಕಳಿಗೆ ಒಂದೇ ಪಾಠ ಬರುತ್ತದೆ, ನನ್ನ ಎ ಶ್ರೇಣಿಯೂ ಅವರಿಂದ ಎರವಲು ತಂದದ್ದು ಎಂದು ಹೇಳಬೇಕಿತ್ತು. ಆದರೆ ಹತ್ತು ದಿನ ಮಗಳನ್ನು ಕೈಬಿಟ್ಟು ಹೋಗಿ ಅಲ್ಲಿ ಏನು ಕಿಸಿದೆ ಎಂದು ಈಕೆ ಕೇಳಿದರೆ ಚಪ್ಪಾಳೆ ತಟ್ಟಿದೆ ಎನ್ನಬೇಕಾಗುತ್ತಿತ್ತು. ನನ್ನ ಮಾನ ನನಗೆ ದೊಡ್ಡದಾಯಿತು.

"ಪಟಪಟ ಮಾತಾಡ್ತಾವ" ಎಂದೆ.

"ಹಂಗಾದ್ರ ಕಾನ್ವೆಂಟ್ ಯಾಕ್ರಿ ಸುಮ್ಕ? ಟೀಚರ್‌ಗೋಳೇ ಎಲ್ಲಿ ಹೋಗಿ ಕಲೀತಾರೋ ಆ ಸಾಲಿಗೇ ಹಾಕ್ತೀನಿ. ತಂಗಿ ಮನಿಗಿ ನಡ್ಕೊಂಡು ಹೋಗೋವಷ್ಟ ದೂರ ಅದಂತ."

ಬೇಸಿಗೆಯಲ್ಲಿ ಟೀಸಿ ಬರೆದುಕೊಟ್ಟದ್ದು ನಾನೇ. ಶಾಲೆ ಬಿಡಲು ಕಾರಣ ಎಂಬ ಕಡೆ ಹೆಡ್‌ಮಾಸ್ತರರು ಹೇಳಿದ ಹಾಗೆ "ಪಾಲಕರ ಇಚ್ಛೆ" ಎಂದು ತುಂಬಿದೆ. ತಾಯಿ ನನಗೆ ಒಂದು ಚಿಪ್ಪು ಹಣ್ಣು ಕೊಟ್ಟು, ದಾರಿ ತೋರಿಸಿದಿರಿ, ಪುಣ್ಯ ಬರಲಿ ಎಂದಳು. ಆ ಹಣ್ಣು ಮನೆಯಲ್ಲಿ ಎಲ್ಲರೂ ತಿಂದರು, ನಾನು ಮುಟ್ಟಲಿಲ್ಲ.

ಮರುವರ್ಷ ಮತ್ತೆ ನನ್ನ ಹೆಸರು ಬಂತು. ಬರದೆ ಇರುತ್ತದೆಯೇ, ತೆಗೆದುಕೊಂಡವರ ಪಟ್ಟಿಯಲ್ಲಿ ಈಗ ನಾನು ಮೊದಲಿನವಳು. ಅದೇ ಹಾಲ್, ಅದೇ ಚಪ್ಪಾಳೆ, ಅದೇ ಸಂಪನ್ಮೂಲದವರು. ಅನಾನಸು ಮಾಸ್ತರರು ನಿವೃತ್ತಿಯ ಹೊಸ್ತಿಲಲ್ಲಿದ್ದರೂ ಮತ್ತೊಮ್ಮೆ ಅನಾನಸಾದರು. ಒಂಬತ್ತನೆಯ ದಿನ ನನ್ನ ಮಾದರಿ ಪಾಠದ ಸರದಿ.

ಐದನೆಯ ತರಗತಿಯೊಳಗೆ ಕಾಲಿಟ್ಟರೆ ಮುಂದಿನ ಬೆಂಚಿನಲ್ಲಿ ನನ್ನ ಹುಡುಗಿ. "ಟೀಚರ್ರಿ!" ಎಂದು ಚೀರಿದಳು. ಎರಡು ಜಡೆ, ಹೊಸ ರಿಬ್ಬನ್ನು, ಮುಖದ ತುಂಬ ನಗು. ಸಂಪನ್ಮೂಲದವರು ಹಿಂದಿನಿಂದ ಕೆಮ್ಮಿದರು, ನಾನು ಹಾಡು ಶುರುಮಾಡಿದೆ.

ಇಡೀ ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಜಾಣೆ. ಬುಟ್ಟಿ ಮುಂದಿಟ್ಟುಕೊಂಡು ಮಾರುವವಳ ಪಾತ್ರ ಅವಳದೇ. ಹಣ್ಣಿಗೆಷ್ಟು ಎಂದು ಇನ್ನೊಂದು ಮಗು ಇಂಗ್ಲಿಷಿನಲ್ಲಿ ಕೇಳಿದರೆ, ಇವಳು ಸೊಂಟದ ಮೇಲೆ ಕೈಯಿಟ್ಟು, ಥೇಟ್ ತಾಯಿಯ ಗತ್ತಿನಲ್ಲಿ, ಇಂಗ್ಲಿಷಿನಲ್ಲೇ ಬೆಲೆ ಹೇಳಿದಳು. ಹಿಂದೆ ಕುಳಿತವರೆಲ್ಲ ವಾಹ್ ವಾಹ್ ಎಂದರು. ಒಂದು ಗಳಿಗೆ ನಾನೂ ನಂಬಿದೆ. ಯಾರಿಗೆ ಗೊತ್ತು, ನಿಜವಾಗಿ ಕಲಿತಿದ್ದಾಳೇನೋ, ನಾನೇ ಸುಮ್ಮನೆ ವರ್ಷವಿಡೀ ಕೊರಗಿದೆನೇನೋ.

ತಡೆದುಕೊಳ್ಳಲಾಗಲಿಲ್ಲ. ಬುಟ್ಟಿ ಪಕ್ಕಕ್ಕೆ ಸರಿಸಿ, ಅವಳ ಪುಸ್ತಕದ ಮುಂದಿನ ಪುಟ ತಿರುವಿದೆ. ಗಾಳಿಪಟದ ಪಾಠ. ಪುಟ ಹೊಸ ನೋಟಿನ ಹಾಗೆ ಗರಿಗರಿಯಾಗಿತ್ತು.

"ಇದನ್ನ ಓದವ್ವ."

ಅವಳು ಪುಟ ನೋಡಿದಳು. ನನ್ನ ಮುಖ ನೋಡಿದಳು. ಮೊದಲು ಅವಳು ಹಾಗೆ ನನ್ನ ಮುಖ ನೋಡುವವಳಲ್ಲ.

"ಟೀಚರ್ರಿ, ಇದು ಇನ್ನಾ ಬಂದಿಲ್ಲರಿ. ಬಂದೋರೆಲ್ಲ ಮಾರ್ಕೆಟ್ ಅಷ್ಟೇ ಮಾಡಿ ಹೋಗ್ತಾರ."

"ಬರಲಿಲ್ಲಂದ್ರ ಏನಾತು? ಮೊದಲ ಮಾಡ್ತಿದ್ದೆಲ್ಲ, ಹಂಗ ಬಳ್ಳಿಟ್ಟು ಕೂಡಿಸಿ ಓದು."

ಬೆರಳಿಟ್ಟಳು. ಮೊದಲ ಅಕ್ಷರದ ಸಪ್ಪಳ ಬಂತು, ಎರಡನೆಯದಕ್ಕೆ ಮಾರ್ಕೆಟ್ ಪಾಠದ ಯಾವುದೋ ಪದ ಹೇಳಿ, ಸರಿಯೋ ಎಂದು ಮತ್ತೆ ನನ್ನ ಕಡೆ ನೋಡಿದಳು. ದೀಪಾವಳಿಗೆ ಬಿಸ್ಕತ್ತಿನ ಪುಡಿಕೆ ಓದಿದ ಹುಡುಗಿ ಇವಳೇ. ಅಷ್ಟನ್ನೂ ಕಳೆದುಕೊಂಡಿದ್ದಳು, ಮತ್ತು ಕಳೆದುಕೊಳ್ಳಲು ಈ ಜಾಗಕ್ಕೆ ಕಳಿಸಿದವಳು ನಾನು.

ನಾನು ಅವಳ ಬೆಂಚಿನಲ್ಲೇ ಕುಳಿತುಬಿಟ್ಟೆ. ಹಾಡು, ಚಾರ್ಟು, ಬುಟ್ಟಿ ಎಲ್ಲ ಬಿಟ್ಟು ಆ ಮಕ್ಕಳಿಗೆಲ್ಲ ಒಂದೊಂದೇ ಅಕ್ಷರದ ಸಪ್ಪಳ ಹೇಳಿಸಿ ಕೂಡಿಸತೊಡಗಿದೆ. "ಮೇಡಂ, ಲೆಸನ್ ಪ್ಲಾನ್ ಬಿಟ್ಟು ಎಲ್ಲಿಗೋ ಹೊಂಟೀರಿ. ಮಾರ್ಕೆಟ್‌ಗಿ ಬರ್ರಿ" ಎಂದು ಹಿಂದಿನಿಂದ ಎರಡು ಸಲ ಕನ್ನಡದಲ್ಲೇ ಸೂಚನೆ ಬಂತು. ಸಂಪನ್ಮೂಲದವರು ತಮ್ಮ ನಿಯಮ ತಾವೇ ಮುರಿದರೆಂದರೆ ಎಷ್ಟು ಗಾಬರಿಯಾಗಿರಬೇಕು! ನಾನು ತಿರುಗಿ ನೋಡಲಿಲ್ಲ. ಗಂಟೆ ಹೊಡೆಯುವಾಗ ಮಕ್ಕಳು ಗಾಳಿಪಟದ ಮೊದಲ ಸಾಲಿನ ಅರ್ಧದವರೆಗೆ ಬಂದಿದ್ದವು. ನನ್ನ ಅಂಕದ ಹಾಳೆಯ ಮೇಲೆ "ಮಾದರಿ ಪಾಠವನ್ನು ಪಾಲಿಸಿಲ್ಲ, ಮರುತರಬೇತಿ ಅಗತ್ಯ" ಎಂದು ಬರೆದು ಸಹಿ ಹಾಕಿದರು.

ಹುಡುಗಿ ವರಾಂಡದವರೆಗೂ ಹಿಂದೆ ಬಂದಳು. ಅವಳ ನಗು ಹೋಗಿತ್ತು.

"ಟೀಚರ್ರಿ, ನಮ್ಮವ್ವ ಕೇಳಿದ್ರ ನನಗ ಇಂಗ್ಲಿಷ್ ಬರ್ತದಂತ ಹೇಳ್ರಿ. ಅಕಿ ಭಾಳ ಖುಷ್ ಆಗ್ಯಾಳ. ಊರಿಗಿ ಹೋದಾಗೆಲ್ಲ ಮಾರ್ಕೆಟ್ ಪಾಠ ಹೇಳಿ ತೋರಸ್ತೀನಿ."

ಅವಳ ತಲೆಯ ಮೇಲೆ ಕೈಯಿಟ್ಟೆ. ನನಗೆ ನಾಚಿಕೆಯಾಯಿತು. ಎಂಟು ವರ್ಷದಲ್ಲಿ ಒಂಬತ್ತು ಸಲ ತರಬೇತಿ ಪಡೆದ ಹೆಂಗಸಿಗೆ ಆಗಬಾರದಷ್ಟು ನಾಚಿಕೆಯಾಯಿತು.

ತರಬೇತಿ ಮುಗಿದ ಮೇಲೆ ಒಂದು ಸೋಮವಾರ ಕಮಲಾಪುರದಲ್ಲಿ ಇಳಿದಾಗ ತಾಯಿ ಬುಟ್ಟಿ ಕೆಳಗಿಟ್ಟು ನನ್ನ ಹತ್ತಿರವೇ ಬಂದಳು.

"ನನ್ನ ಮಗಳ ಕ್ಲಾಸ್ ತಗೊಂಡ್ರಂತಲ್ಲರಿ! ತಂಗಿ ಫೋನ್ ಮಾಡಿ ಹೇಳಿದ್ಲು. ಹ್ಯಾಂಗ ಓದ್ತಾಳ್ರಿ?"

ಹುಡುಗಿ ಕೇಳಿಕೊಂಡ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೋದ ಸಲ ಹೇಳಿದ್ದು ಸಾಕು ಎನ್ನಿಸಿತು.

"ಓದಂಗಿಲ್ಲ ಅಕ್ಕಾ. ಒಂದೇ ಪಾಠ ಬಾಯಿಪಾಠ ಆಗ್ಯಾದ. ಅಲ್ಲಿ ಹಂಗ ಅಂತ ನನಗ ಹೋದ ವರ್ಷನೇ ಗೊತ್ತಿತ್ತು. ನಿನಗ ಹೇಳಲಿಲ್ಲ, ನನ್ನದೇ ತಪ್ಪು. ಅಕಿನ್ನ ಕರ್ಕೊಂಡು ಬಾ. ನಾನ ಓದಸ್ತೀನಿ."

ಒಂದು ಬಸ್ಸು ಬಂದು ನಿಂತು ಹೊರಟೂ ಹೋಯಿತು, ಅವಳು ಬುಟ್ಟಿ ಎತ್ತಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಹಣ್ಣು ಕೊಳ್ಳುವವರನ್ನು ಚಿಲ್ಲರೆ ಇದೆಯೇ ಎಂದು ಕೇಳುವ ಹಾಗೆ ಕೇಳಿದಳು.

"ಕರ್ಕೊಂಡು ಬರ್ತೀನ್ರಿ. ನೀವ ಸಾಲ್ಯಾಗ ಇರ್ತೀರೇನ್ರಿ?"

ನನ್ನ ಮರುತರಬೇತಿಯ ಆದೇಶ ಅಷ್ಟರಲ್ಲಿ ಬಂದಾಗಿತ್ತು.